ಕನ್ನಡದ ಜಾಲತಾಣಕ್ಕೆ ಓದುಗರನ್ನು ಕರೆತರುವುದು ಹೇಗೆ?

ಅಡಿಕೆ ಕೃಷಿಯಲ್ಲಿ ತಾವು ಕಂಡುಂಡದ್ದನ್ನೆಲ್ಲ ಜಾಲತಾಣವೊಂದರಲ್ಲಿ ಬರೆದಿಟ್ಟ ಬೆಳೆಗಾರರೊಬ್ಬರು, ದಿನಕ್ಕೆ ನಾಲ್ಕು ಮಂದಿಯೂ ಇತ್ತ ಸುಳಿಯುತ್ತಿಲ್ಲವೆಂದು ಈಚೆಗೆ ನನ್ನಲ್ಲಿ ಬೇಸರ ತೋಡಿಕೊಂಡರು. ತೆರೆದು ನೋಡಿದಾಗ ಬರಹ ಸೊಗಸಾಗಿಯೇ ಇತ್ತು. ಆದರೆ ಕೊಳೆರೋಗದ ಕುರಿತ ಲೇಖನಕ್ಕೆ ‘ಮಳೆಗಾಲದ ಚಿಂತೆ’ ಎಂಬ ಶೀರ್ಷಿಕೆಯಿತ್ತು, ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆಯೆಲ್ಲವೂ ಒಂದು ಚಿತ್ರದೊಳಗೆ ಸೇರಿಹೋಗಿತ್ತು. ಕನ್ನಡದ ಎಷ್ಟೋ ಒಳ್ಳೆಯ ತಾಣಗಳು ಸೊರಗುವುದು ಇಂಥ ತಪ್ಪುಗಳಿಂದಲೇ.

ಮೊದಲು, ನಿಮ್ಮ ಬರಹವು ಗೂಗಲ್‌ನಂಥ ಹುಡುಕುಯಂತ್ರಕ್ಕೆ ಕನ್ನಡವಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಕಂಪ್ಯೂಟರಿನಲ್ಲಿ ಪುಟದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡಿದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟು, ಅದನ್ನು ಪರಿವರ್ತಕದಿಂದ ಬದಲಾಯಿಸಲೇಬೇಕು. ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ ಅದು ಚಿತ್ರ. ಅದರಲ್ಲಿರುವುದನ್ನು ಪಠ್ಯವಾಗಿ ಮತ್ತೆ ಟೈಪಿಸಿ.

ಎರಡನೆಯದಾಗಿ, ನಿಮ್ಮ ತಾಣವು ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ತಾಣವನ್ನು ನೋಂದಾಯಿಸಿ, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸಿ. ಇದಕ್ಕೆ ಶುಲ್ಕವಿಲ್ಲ.

ಹೆಚ್ಚಿನವರು ಎಡವುವುದು ಮೂರನೆಯ ಹಂತವಾದ ಶೀರ್ಷಿಕೆಯಲ್ಲಿ. ಹುಡುಕುವವರು ತಮ್ಮ ತೋಟದಲ್ಲಿ ಕಂಡದ್ದನ್ನು ತಮ್ಮ ಊರಿನ ಮಾತಿನಲ್ಲಿ ಟೈಪಿಸುತ್ತಾರೆಯೇ ಹೊರತು ಲೇಖಕರ ಮನಸ್ಸಿನಲ್ಲಿದ್ದ ರೂಪಕವನ್ನಲ್ಲ. ಅಡಿಕೆಯ ಕೊಳೆರೋಗಕ್ಕೆ ಮಹಾಳಿ ಎಂಬ ಹೆಸರೂ ಇರುವುದರಿಂದ ಎರಡೂ ಪದಗಳು ಪುಟದಲ್ಲಿರಬೇಕು. ಫೋನಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುವವರು ಬಹಳವಾದ್ದರಿಂದ ಪುಟದ ವಿಳಾಸವನ್ನು ಆ ಲಿಪಿಯಲ್ಲಿ ಚಿಕ್ಕದಾಗಿ ಇಡುವುದು ಲೇಸು. ಆ ಬೆಳೆಗಾರರ ಶೀರ್ಷಿಕೆಯನ್ನು ನಾವು ‘ಅಡಿಕೆ ಕೊಳೆರೋಗ (ಮಹಾಳಿ): ಬೋರ್ಡೋ ದ್ರಾವಣ ತಯಾರಿಸುವ ವಿಧಾನ’ ಎಂದು ಬದಲಿಸಿದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಶೇ 1ರ ದ್ರಾವಣದ ಅಳತೆಯನ್ನು ಮೊದಲ ಪ್ಯಾರಾಕ್ಕೇ ತಂದೆವು. ಹುಡುಕಿಕೊಂಡು ಬಂದವರಿಗೆ ಉತ್ತರ ಅಲ್ಲಿಯೇ ಸಿಗಬೇಕು, ಮುನ್ನುಡಿ ಆಮೇಲೆ ಬರಲಿ. ಒಂದು ಪುಟದಲ್ಲಿ ಒಂದೇ ಪ್ರಶ್ನೆಗೆ ಉತ್ತರವಿರಲಿ. ಎಲೆಚುಕ್ಕೆ ರೋಗವನ್ನೂ ಅದರಲ್ಲೇ ತುರುಕದೆ ಬೇರೆ ಪುಟ ಮಾಡಿ, ಎರಡರ ನಡುವೆ ಕೊಂಡಿ ಕೊಡಿ. ಶೀರ್ಷಿಕೆಯನ್ನು ನೀವೇ ಕೈಯಾರೆ ಬರೆಯಿರಿ, ತಾಣಕ್ಕೆ ಜೋಡಿಸಿದ ಪ್ಲಗಿನ್ ತಂತ್ರಾಂಶ ಸೂಚಿಸಿದ್ದನ್ನು ಒಪ್ಪಬೇಡಿ. ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಕೀವರ್ಡ್ (ಹುಡುಕುಪದ) ತುಂಬಿಸುವ ಮೆಟಾ ಟ್ಯಾಗನ್ನು ಹುಡುಕಾಟದ ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ಆದರೂ ಅದಕ್ಕೆ ಹಣ ಕೇಳುವವರು ಈಗಲೂ ಇದ್ದಾರೆ.

ಹಣದ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ: ಇಷ್ಟು ಸಾವಿರಕ್ಕೆ ಇಷ್ಟು ಲಕ್ಷ ಭೇಟಿ, ನೂರಾರು ತಾಣಗಳಿಂದ ಕೊಂಡಿ ಎಂಬ ಪ್ಯಾಕೇಜುಗಳನ್ನು ಎಂದಿಗೂ ಕೊಳ್ಳಬೇಡಿ. ಮೊದಲಿನದರಲ್ಲಿ ಬರುವುದು ಬಹುಪಾಲು ಯಂತ್ರಗಳೇ. ಎರಡನೆಯದು ಗೂಗಲ್‌ನ ನಿಯಮಕ್ಕೆ ವಿರುದ್ಧವಾದ್ದರಿಂದ ಇರುವ ಸ್ಥಾನವೂ ಕೈತಪ್ಪಬಹುದು.

ನಾಲ್ಕನೆಯದಾಗಿ ಪುಟವನ್ನು ಹಗುರಗೊಳಿಸಿ. ಫೋನಿನಲ್ಲಿ ತೆಗೆದ ಹಲವು ಎಂಬಿಯ ಫೋಟೊವನ್ನು ಹಾಗೆಯೇ ಏರಿಸದೆ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ 200 ಕೆಬಿಯೊಳಗೆ ಇಳಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ನೆಟ್‌ವರ್ಕ್ ಸರಿಯಾಗಿ ಸಿಗದ ತೋಟದಲ್ಲಿ ನಿಂತು ಹುಡುಕುವವರನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಒಂದೆರಡು ತಿಂಗಳ ನಂತರ ಸರ್ಚ್ ಕನ್ಸೋಲಿನಲ್ಲಿ, ಹೆಚ್ಚು ಬಾರಿ ಕಾಣಿಸಿಕೊಂಡರೂ ಕಡಿಮೆ ಕ್ಲಿಕ್ ಪಡೆದ ಹುಡುಕುಪದಗಳನ್ನು ಪಟ್ಟಿ ಮಾಡಿ, ಆ ಪುಟಗಳ ಶೀರ್ಷಿಕೆಯನ್ನು ಅದೇ ಪದಗಳಿಂದ ತಿದ್ದಿ. ಮುಂಗಾರಿಗೆ ಮುನ್ನ ಮೊದಲ ಸಿಂಪಡಣೆಯ ಸಮಯ ಬರುವುದರಿಂದ ಕೊಳೆರೋಗದ ಪುಟವನ್ನು ಪ್ರತಿವರ್ಷ ಮೇ ತಿಂಗಳಲ್ಲೇ ಪರಿಷ್ಕರಿಸಿ. ಹೊಸ ವರ್ಷಕ್ಕೆಂದು ಹೊಸ ಪುಟ ತೆರೆಯದೆ, ಹಳೆಯ ವಿಳಾಸದಲ್ಲೇ ಬರಹವನ್ನು ಬದಲಾಯಿಸಿ.