ಬಾರ್ಬೆಕ್ಯೂ ಊಟ ಕೈಕೊಟ್ಟಾಗ ತಟ್ಟೆಯಲ್ಲಿ ಏನು ನೋಡಬೇಕು

ಹೊಸ ಬಾರ್ಬೆಕ್ಯೂ ಹೋಟೆಲಿನಿಂದ ಸಪ್ಪೆ ಮುಖ ಹಾಕಿಕೊಂಡು ಎದ್ದು ಬಂದವರನ್ನು ಏನಾಯಿತು ಅಂತ ಕೇಳಿದರೆ, ಬಹುತೇಕರ ಉತ್ತರ ಒಂದೇ: ಮಾಂಸ ಒಣಕಲಾಗಿತ್ತು. ಆದರೆ ಒಣಕಲಿನಲ್ಲೂ ಮೂರು ಜಾತಿ ಇದೆ. ಸಾಕಷ್ಟು ಬೇಯದೆ ಒಣಗಿದ್ದು ಒಂದು, ಮಿತಿಮೀರಿ ಬೆಂದು ಒಣಗಿದ್ದು ಇನ್ನೊಂದು, ಹದವಾಗಿ ಬೆಂದರೂ ಆಮೇಲೆ ಇಟ್ಟೂ ಇಟ್ಟೂ ಒಣಗಿದ್ದು ಮತ್ತೊಂದು. ಮೊದಲೆರಡು ತಪ್ಪು ಒಲೆಯ ಮುಂದಿನವು. ಅಡುಗೆಯವರ ಕೈ ಪಳಗುವ ತನಕ ಅಂಥ ಹೋಟೆಲಿಗೆ ಮತ್ತೆ ಹೋಗಿ ಲಾಭವಿಲ್ಲ. ಮೂರನೆಯದು ಹಾಗಲ್ಲ. ಅದೇ ಹೋಟೆಲು, ಅದೇ ಮಾಂಸ, ಬೇರೆ ಹೊತ್ತಿಗೆ ಹೋದರೆ ಬೇರೆಯೇ ರುಚಿ. ಹೊಸ ಹೋಟೆಲುಗಳಲ್ಲಿ ಹೆಚ್ಚು ಕಾಡುವುದು ಈ ಮೂರನೆಯದೇ.

ಇಲ್ಲಿ ಬಾರ್ಬೆಕ್ಯೂ ಅಂದರೆ ಕೆಂಡದ ಮೇಲೆ ಕಡ್ಡಿಗೆ ಚುಚ್ಚಿ ಹತ್ತು ನಿಮಿಷದಲ್ಲಿ ಸುಡುವುದಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ, ಸೌದೆಯ ಹೊಗೆಯಲ್ಲಿ, 107ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಐದಾರು ಕಿಲೋ ತೂಗುವ ಇಡೀ ಬೀಫ್ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಮಾಂಸ, ಬೇಯಲು 10ರಿಂದ 14 ಗಂಟೆ ಹಿಡಿಯುತ್ತದೆ. ಹಾಗಾಗಿ ಮಧ್ಯಾಹ್ನದ ಊಟಕ್ಕೆ ಎಷ್ಟು ಬೇಕೆಂದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು. ಜನ ಎಷ್ಟು ಬರುತ್ತಾರೆಂಬ ಅಂದಾಜು ಹೊಸ ಹೋಟೆಲಿಗೆ ಇರುವುದಿಲ್ಲ. ಕಡಿಮೆ ಮಾಡಿದರೆ ಎರಡು ಗಂಟೆಗೇ ಖಾಲಿ, ಹೆಚ್ಚು ಮಾಡಿದರೆ ಸಂಜೆವರೆಗೂ ಬಿಸಿ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಅದರ ಮೇಲೆ, ಕೊಬ್ಬು ತೆಗೆದು ಬೇಯಿಸಿ ಮುಗಿಸುವಷ್ಟರಲ್ಲಿ ಬ್ರಿಸ್ಕೆಟ್ಟಿನ ಹಸಿ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಹೋಗಿರುತ್ತದೆ. ಇಷ್ಟು ದುಬಾರಿ ಬಿದ್ದ ಮಾಂಸವನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ನಾಳೆಯ ತಟ್ಟೆಗೆ ಬರುತ್ತದೆ.

ಬ್ರಿಸ್ಕೆಟ್: ಎರಡು ಬೆರಳಿನ ಪರೀಕ್ಷೆ

ಬಾರ್ಬೆಕ್ಯೂ ಹೋಟೆಲಿನ ಹಣೆಬರಹ ಓದಬೇಕಾದರೆ ಬ್ರಿಸ್ಕೆಟ್ ತರಿಸಿ. ಇದು ಮುಚ್ಚುಮರೆಗೆ ಸಿಗದ ಮಾಂಸ.

ಪೆನ್ಸಿಲ್ ದಪ್ಪದ, ಅಂದರೆ ಸುಮಾರು 6 ಮಿಲಿಮೀಟರಿನ ಹೋಳೊಂದನ್ನು ಕೈಗೆ ತೆಗೆದುಕೊಳ್ಳಿ. ಫೋರ್ಕ್ ಬೇಡ. ತೋರುಬೆರಳಿನ ಮೇಲೆ ಅದನ್ನು ಒದ್ದೆ ಬಟ್ಟೆಯಂತೆ ಇಳಿಬಿಡಿ. ಹರಿಯದೆ ಎರಡೂ ಕಡೆ ಮೆತ್ತಗೆ ಬಾಗಬೇಕು. ಈಗ ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಒಂಚೂರು ಹಿಗ್ಗಿ, ಆಮೇಲೆ ಸಲೀಸಾಗಿ ಬಿಟ್ಟುಕೊಂಡರೆ ಹದ ಸರಿ ಇದೆ. ರಬ್ಬರಿನ ಹಾಗೆ ಹಿಗ್ಗಿ ಹರಿಯಲು ಹಟ ಮಾಡಿದರೆ ಬೆಂದಿಲ್ಲ. ಎತ್ತುವಾಗಲೇ ಪುಡಿಪುಡಿಯಾಗಿ ಉದುರಿದರೆ ಬೆಂದದ್ದು ಹೆಚ್ಚಾಯಿತು. ಎಳೆಯುವ ಪರೀಕ್ಷೆ ಪಾಸಾಗಿಯೂ ಬಾಯಲ್ಲಿ ಹೊಟ್ಟು ಅಗಿದಂತಾದರೆ ಅದು ಮೂರನೆಯ ಜಾತಿ: ಮೊದಲೇ ಕೊಯ್ದು ಇಟ್ಟದ್ದು, ಇಲ್ಲವೇ ಬಹಳ ಹೊತ್ತು ಶಾಖದಲ್ಲಿ ಕೂತದ್ದು.

ಬೇಯದ ಮಾಂಸ ಒಣಕಲು ಅನ್ನಿಸುವುದೇಕೆ ಎಂಬಲ್ಲೇ ಬಹಳ ಜನ ಎಡವುತ್ತಾರೆ. ಬ್ರಿಸ್ಕೆಟ್ಟಿನಲ್ಲಿ ಗಟ್ಟಿ ಕೊಲಾಜೆನ್, ಅಂದರೆ ಸ್ನಾಯುಗಳನ್ನು ಹಿಡಿದಿಡುವ ಪ್ರೋಟೀನ್, ತುಂಬಿರುತ್ತದೆ. ಮಾಂಸದ ಒಳಗಿನ ಶಾಖ 70 ಡಿಗ್ರಿ ದಾಟಿ ಗಂಟೆಗಟ್ಟಲೆ ಕಳೆದ ಮೇಲೆ ಅದು ಕರಗಿ ಜೆಲಾಟಿನ್ ಎಂಬ ಮೆತ್ತನೆಯ ಅಂಟಾಗುತ್ತದೆ. ನೀರು ಹಿಂಡಿಹೋದ ಮಾಂಸವನ್ನು ಬಾಯಲ್ಲಿ ತೇವ ಅನ್ನಿಸುವಂತೆ ಮಾಡುವುದು ಈ ಜೆಲಾಟಿನ್ ಮತ್ತು ಕರಗಿದ ಕೊಬ್ಬು. 80 ಡಿಗ್ರಿಗೇ ಇಳಿಸಿಬಿಟ್ಟರೆ ನೀರೂ ಹೋಗಿರುತ್ತದೆ, ಜೆಲಾಟಿನ್ನೂ ಬಂದಿರುವುದಿಲ್ಲ. ಸಾಮಾನ್ಯವಾಗಿ 93ರಿಂದ 96 ಡಿಗ್ರಿಯ ಹೊತ್ತಿಗೆ ಹದ ಬರುತ್ತದೆ. ತಿಂದ ಮೇಲೆ ತುಟಿ, ಬೆರಳು ಅಂಟಂಟಾದರೆ ಕೊಲಾಜೆನ್ ಕರಗಿದೆ ಎಂದರ್ಥ.

ಹಾಗಾದರೆ ಅಡುಗೆಯವರು ಬೇಗ ಇಳಿಸುವುದೇಕೆ? ಮಾಂಸದ ಒಳಶಾಖ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವಂತೆ, ಮೇಲ್ಮೈಯ ತೇವ ಆವಿಯಾಗುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಬೆಂಕಿ ಏರಿಸುತ್ತಾರೆ, ಇಲ್ಲವೇ ಹೊತ್ತಾಯಿತೆಂದು ಇಳಿಸುತ್ತಾರೆ. ಇನ್ನು ಕೆಲವರು ಅಲ್ಯೂಮಿನಿಯಂ ಫಾಯಿಲ್ ಸುತ್ತುತ್ತಾರೆ. ಅದರಿಂದ ಕೆಲಸ ಬೇಗ ಮುಗಿಯುತ್ತದೆ, ಆದರೆ ಒಳಗೇ ಉಳಿದ ಹಬೆಗೆ ಕಪ್ಪು ಹೊರಪದರ ನೆನೆದು ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ, ರುಚಿ ಪಾತ್ರೆಯಲ್ಲಿ ಬೇಯಿಸಿದ ಮಾಂಸದ್ದಾಗುತ್ತದೆ. ತಟ್ಟೆಯಲ್ಲಿ ಹೊರಪದರ ಒದ್ದೆಯಾಗಿ ಜಾರಿದರೆ ಕಾರಣ ಇದೇ, ಅಥವಾ ಮುಚ್ಚಿದ ಟ್ರೇಯಲ್ಲಿ ಬಹಳ ಹೊತ್ತು ಇಟ್ಟದ್ದು.

ಕೊಯ್ಯುವುದರಲ್ಲೂ ಮಾಂಸ ಕೆಡುತ್ತದೆ. ಬ್ರಿಸ್ಕೆಟ್ ಒಂದು ತುಂಡಿನಂತೆ ಕಂಡರೂ ಎರಡು ಸ್ನಾಯು: ಕೊಬ್ಬು ಕಡಿಮೆಯ ಚಪ್ಪಟೆ ಫ್ಲಾಟ್, ಅದರ ಮೇಲೆ ಕೂತ ಕೊಬ್ಬಿನ ಪಾಯಿಂಟ್. ಇವೆರಡರ ಎಳೆಗಳು ಓಡುವ ದಿಕ್ಕು ಬೇರೆ ಬೇರೆ. ಎಳೆಗೆ ಅಡ್ಡಲಾಗಿ ಕೊಯ್ದರೆ ಮೆತ್ತಗೆ, ಎಳೆಯುದ್ದಕ್ಕೆ ಕೊಯ್ದರೆ ಹಲ್ಲಿಗೆ ಸಿಕ್ಕುವ ನಾರು. ಕೊಯ್ಯುವವನು ದಿಕ್ಕು ಬದಲಿಸದೆ ಒಂದೇ ಸಮನೆ ಕೊಯ್ದುಕೊಂಡು ಹೋದರೆ ಯಾವುದಾದರೂ ಒಂದು ಭಾಗ ಕೆಟ್ಟಿತೆಂದೇ ಲೆಕ್ಕ. ಹೋಳಿನ ಮುಖದ ಮೇಲೆ ಈ ತುದಿಯಿಂದ ಆ ತುದಿಗೆ ಉದ್ದ ದಾರಗಳು ಕಂಡರೆ ತಪ್ಪು ಒಲೆಯದಲ್ಲ, ಚಾಕುವಿನದು. ಇನ್ನೊಂದು ಕಿತಾಪತಿಯೂ ಇದೆ: ಬೇಯದ ಮಾಂಸವನ್ನು ಕಾಗದದಷ್ಟು ತೆಳ್ಳಗೆ ಕೊಯ್ದರೆ ಗಡಸು ಗೊತ್ತಾಗುವುದಿಲ್ಲ. ಹೆಚ್ಚು ಬೆಂದದ್ದನ್ನು ಬೆರಳು ದಪ್ಪ ಕೊಯ್ದರೆ ಉದುರುವುದಿಲ್ಲ. ಹೋಳಿನ ದಪ್ಪವೇ ಒಳಗುಟ್ಟು ಬಿಟ್ಟುಕೊಡುತ್ತದೆ.

ಅಂಚಿನಲ್ಲಿ ಕಾಣುವ ಗುಲಾಬಿ ಪಟ್ಟಿಯನ್ನು ನೋಡಿ ಮರುಳಾಗಬೇಡಿ. ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಜೊತೆ ಸೇರಿದಾಗ ಆ ಬಣ್ಣ ಬರುತ್ತದೆ. ಅದಕ್ಕೆ ರುಚಿಯಿಲ್ಲ. ಮಾಂಸ ಕೆಡದಂತೆ ಬಳಸುವ, ನೈಟ್ರೈಟ್ ಸೇರಿಸಿದ ಕ್ಯೂರಿಂಗ್ ಉಪ್ಪು ಹಚ್ಚಿದರೆ ಹೊಗೆಯೇ ಇಲ್ಲದೆಯೂ ಅದು ಮೂಡುತ್ತದೆ.

ಹೊಗೆ ಕಹಿಯಾದರೆ

ನಾಲಿಗೆಯ ಹಿಂಭಾಗದಲ್ಲಿ ಕಹಿ, ತುಟಿ ಮರಗಟ್ಟಿದ ಹಾಗೆ, ನೀರು ಕುಡಿದರೂ ಹೋಗದ ಒಗರು. ಇದು ಕೆಟ್ಟ ಹೊಗೆಯ ಗುರುತು. ಬೆಂಕಿಗೆ ಗಾಳಿ ಸಾಲದೆ ಸೌದೆ ಉರಿಯುವ ಬದಲು ಹೊಗೆಯಾಡುತ್ತಿದ್ದರೆ, ಅಥವಾ ಸೌದೆ ಹಸಿಯಾಗಿದ್ದರೆ, ದಟ್ಟ ಬಿಳಿ ಹೊಗೆ ಎದ್ದು ಮಾಂಸದ ಮೇಲೆ ಟಾರಿನಂಥ ಕ್ರಿಯೋಸೋಟ್ ಕೂರುತ್ತದೆ. ಒಳ್ಳೆಯ ಬೆಂಕಿಯ ಹೊಗೆ ತೆಳ್ಳಗೆ, ನೀಲಿಛಾಯೆಯಲ್ಲಿ, ಕಂಡೂ ಕಾಣದಂತಿರುತ್ತದೆ. ಹೋಟೆಲಿನ ಚಿಮಣಿ ಹೊರಗಿನಿಂದ ಕಾಣುವಂತಿದ್ದರೆ ಒಳಗೆ ಹೋಗುವ ಮೊದಲೇ ಒಂದು ಕಣ್ಣು ಹಾಯಿಸಿ. ಬೆಂಕಿ ಹೊತ್ತಿಸುವಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಸಹಜ, ಬಹಳ ಹೊತ್ತು ಅದೇ ಬರುತ್ತಿದ್ದರೆ ಅನುಮಾನ ಪಡಿ.

ತಪ್ಪು ಬೆಂಕಿಯದೋ ಮಸಾಲೆಯದೋ ಎಂದು ತಿಳಿಯಲು ಎರಡು ಬಗೆಯ ಮಾಂಸ ತಿಂದು ನೋಡಿ. ಎರಡೂ ಒಂದೇ ಥರ ಕಹಿಯಾದರೆ ಬೆಂಕಿ ಕೆಟ್ಟಿದೆ. ಒಂದೇ ಕಹಿಯಾದರೆ ಅದಕ್ಕೆ ಹಚ್ಚಿದ ಮಸಾಲೆಯಲ್ಲಿನ ಸಕ್ಕರೆ ಸೀದಿರಬೇಕು.

ರಿಬ್ಸ್, ಪೋರ್ಕ್, ಕೋಳಿ, ಸಾಸೇಜ್

ಪಕ್ಕೆಲುಬಿನ ಮಾಂಸ ಮೂಳೆಯಿಂದ ತಾನಾಗಿ ಕಳಚಿ ಬಿದ್ದರೆ ಮೆನುವಿನಲ್ಲಿ ಅದನ್ನೇ ಹೊಗಳಿಕೊಂಡಿರುತ್ತಾರೆ. ನಿಜಕ್ಕೂ ಅದು ಹೆಚ್ಚು ಬೆಂದದ್ದು. ಕಚ್ಚಿದಷ್ಟೇ ಜಾಗ ಬಿಟ್ಟುಕೊಂಡು, ಹಲ್ಲಿನ ಗುರುತು ಉಳಿದು, ಆ ಜಾಗದ ಮೂಳೆ ಸ್ವಚ್ಛವಾಗಿ ಕಂಡರೆ ಹದ. ಮಾಂಸ ಸಡಿಲವಾಗಿ, ಬೂದು ಬಣ್ಣಕ್ಕಿದ್ದು, ರುಚಿಯೆಲ್ಲ ಮೇಲಿನ ಸಾಸಿನಲ್ಲೇ ಇದ್ದರೆ ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಬೆಂಕಿ ತೋರಿಸಿರುವ ಸಾಧ್ಯತೆ ಹೆಚ್ಚು. ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನಂಥ ಪೊರೆ ಹಲ್ಲಿಗೆ ಸಿಕ್ಕಿದರೆ ಅದನ್ನು ಸುಲಿಯುವ ಒಂದು ನಿಮಿಷದ ಕೆಲಸವನ್ನು ಯಾರೋ ತಪ್ಪಿಸಿದ್ದಾರೆ.

ಪುಲ್ಡ್ ಪೋರ್ಕ್, ಅಂದರೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿಯ ಭುಜದ ಮಾಂಸ, ಸ್ವಲ್ಪ ಕ್ಷಮಾಗುಣದ್ದು. ಕೊಬ್ಬು ಹೆಚ್ಚಿರುವುದರಿಂದ ಬಿಸಿಯಲ್ಲಿ ಇಟ್ಟರೂ ತಾಳಿಕೊಳ್ಳುತ್ತದೆ. ನುಣ್ಣಗೆ ಮುದ್ದೆಯಾಗಿದ್ದರೆ ಬಿಡಿಸಿ ಬಹಳ ಹೊತ್ತಾಗಿದೆ. ಎಳೆ ಎಳೆಯಾಗಿ, ನಡುನಡುವೆ ಕಪ್ಪು ಹೊರಪದರದ ಚೂರು ಸಿಗುತ್ತಿದ್ದರೆ ನಿರಾಳವಾಗಿ ತಿನ್ನಿ.

ಕೋಳಿಯ ಚರ್ಮ ರಬ್ಬರಿನಂತಿರುವುದು ಬಹಳ ಸಾಮಾನ್ಯ. ಬ್ರಿಸ್ಕೆಟ್ಟಿನ ಜೊತೆಗೇ 110 ಡಿಗ್ರಿಯಲ್ಲಿ ಇಟ್ಟರೆ ಚರ್ಮದ ಕೊಬ್ಬು ಸರಿಯಾಗಿ ಕರಗುವುದಿಲ್ಲ. ಗರಿಗರಿ ಬರಲು ಕೊನೆಗಾದರೂ 160 ಡಿಗ್ರಿ ಮೇಲಿನ ಶಾಖ ಬೇಕು. ಮೂಳೆಯ ಬಳಿ ಅಥವಾ ಚರ್ಮದ ಕೆಳಗೆ ಗುಲಾಬಿ ಬಣ್ಣ ಕಂಡ ಮಾತ್ರಕ್ಕೆ ಹಸಿ ಎಂದು ಗಲಾಟೆ ಬೇಡ, ಹೊಗೆಯಲ್ಲಿ ಬೆಂದ ಕೋಳಿಗೆ ಅದು ಸಹಜ. ಒಳಶಾಖ 74 ಡಿಗ್ರಿ ಮುಟ್ಟಿದೆಯೇ ಎಂಬುದೊಂದೇ ಪ್ರಶ್ನೆ. ಊಟಕ್ಕೆ ಥರ್ಮಾಮೀಟರ್ ಹೊತ್ತುಕೊಂಡು ಹೋಗುವವರು ವಿರಳ, ಹಾಗಾಗಿ ಅಡುಗೆಮನೆಯವರನ್ನೇ ಅಳೆದು ತೋರಿಸಲು ಕೇಳಿ. ಮಾಂಸ ಗಾಜಿನಂತೆ ಮಿನುಗುತ್ತಾ, ಜಾರುತ್ತಾ, ಎಳೆ ಬಿಡದಿದ್ದರೆ ಅಳೆಯುವುದಕ್ಕೂ ಕಾಯದೆ ವಾಪಸ್ ಕೊಡಿ.

ಸಾಸೇಜನ್ನು ಕೊಯ್ದು ಒತ್ತಿ ನೋಡಿ. ಚರ್ಮ ಟಪ್ಪೆಂದು ಒಡೆದು ರಸ ಬರಬೇಕು. ಚರ್ಮ ಸುಕ್ಕುಗಟ್ಟಿದ್ದರೆ ಬಹಳ ಹೊತ್ತು ಬಿಸಿಯಲ್ಲಿತ್ತು. ಒಳಗೆ ಎಣ್ಣೆ ಬೇರೆಯಾಗಿ ನಿಂತು ಮಾಂಸ ರವೆರವೆಯಾಗಿದ್ದರೆ ಶಾಖ ಹೆಚ್ಚಾಗಿ ಕೊಬ್ಬು ಒಡೆದಿದೆ.

ಮುಂದಿನ ಸಲ ಆರ್ಡರ್ ಕೊಡುವಾಗ

ಬಾಗಿಲು ತೆರೆದ ಮೊದಲ ಒಂದು ಗಂಟೆಯೊಳಗೆ ಹೋಗಿ. ಇಡೀ ಬ್ರಿಸ್ಕೆಟ್ 60–65 ಡಿಗ್ರಿಯಲ್ಲಿ ಗಂಟೆಗಟ್ಟಲೆ ಚೆನ್ನಾಗಿಯೇ ಇರುತ್ತದೆ, ಹೋಳು ಮಾಡಿದ್ದು ಕೆಲವೇ ನಿಮಿಷಗಳಲ್ಲಿ ಆರತೊಡಗುತ್ತದೆ. ಆದ್ದರಿಂದ ಕೌಂಟರಿನಲ್ಲಿ ನೋಡಬೇಕಾದ್ದು ಮೆನು ಬೋರ್ಡನ್ನಲ್ಲ, ಕೊಯ್ಯುವ ಹಲಗೆಯನ್ನು. ಕೇಳಿದಾಗ ಕೊಯ್ದು ಕೊಡುತ್ತಿದ್ದರೆ ಬ್ರಿಸ್ಕೆಟ್ ಹೇಳಿ. ಹೋಳುಗಳ ರಾಶಿ ಟ್ರೇಯಲ್ಲಿ ಕೂತಿದ್ದರೆ ಪುಲ್ಡ್ ಪೋರ್ಕ್ ತೆಗೆದುಕೊಳ್ಳಿ. ಬ್ರಿಸ್ಕೆಟ್ಟೇ ಬೇಕೆಂದರೆ ಪಾಯಿಂಟ್ ಕಡೆಯದನ್ನು ಕೇಳಿ, ಅದರ ಕೊಬ್ಬು ಅಡುಗೆಯವರ ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುತ್ತದೆ. ತೂಕಕ್ಕೆ ಮಾರುವ ಕಡೆ ಒಬ್ಬರಿಗೆ 100 ಗ್ರಾಂ ಬ್ರಿಸ್ಕೆಟ್, ಎರಡು ರಿಬ್ಸ್ ಸಾಕು. ಚೆನ್ನಾಗಿದ್ದರೆ ಮತ್ತೆ ಕೇಳಿದರಾಯಿತು. ಸಾಸ್ ಬೇರೆ ಬಟ್ಟಲಲ್ಲಿ ಕೊಡಲು ಹೇಳಿ, ಮೊದಲ ತುತ್ತು ಸಾಸ್ ಇಲ್ಲದೆಯೇ ತಿನ್ನಿ.

ಕೆಟ್ಟಿದ್ದರೆ ಎರಡು ತುತ್ತಿಗೇ ಹೇಳಬೇಕು, ತಟ್ಟೆ ಖಾಲಿ ಮಾಡಿ ಅಲ್ಲ. "ಚೆನ್ನಾಗಿಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಈ ಹೋಳು ರಬ್ಬರಿನ ಹಾಗೆ ಹಿಗ್ಗುತ್ತಿದೆ, ಪಾಯಿಂಟ್ ಕಡೆಯಿಂದ ಎರಡು ಹೋಳು ಕೊಯ್ದು ಕೊಡ್ತೀರಾ?" ಅಂದು ನೋಡಿ. ಕೆಲಸ ಗೊತ್ತಿರುವವರಿಗೆ ಅಷ್ಟು ಸಾಕು. ಉಗುರುಬೆಚ್ಚಗಿದ್ದರೆ ಅದನ್ನು ರುಚಿಯ ದೂರಾಗಿ ಹೇಳಬೇಡಿ, ಸುರಕ್ಷತೆಯ ದೂರಾಗಿ ಹೇಳಿ. ಬಡಿಸುವ ತನಕ ಮಾಂಸ ಸುಮಾರು 60 ಡಿಗ್ರಿಯ ಮೇಲೇ ಇರಬೇಕು.

ಮನೆಗೆ ಕಟ್ಟಿಸಿಕೊಂಡು ಬಂದದ್ದು

ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರ್ನಾಲ್ಕು ದಿನದೊಳಗೆ ಮುಗಿಸಿ. ಹೇಗೆ ಬಿಸಿ ಮಾಡಬೇಕೆಂಬುದು ಯಾವ ಜಾತಿಯ ಒಣಕಲು ಎಂಬುದರ ಮೇಲೆ ನಿಂತಿದೆ.

ರಬ್ಬರಿನಂತೆ ಹಿಗ್ಗಿದ ಬ್ರಿಸ್ಕೆಟ್ ನಿಮ್ಮ ಪುಣ್ಯ, ಅದನ್ನು ಉಳಿಸಬಹುದು. ಕಾಲು ಕಿಲೋಗೆ ಅರ್ಧ ಕಪ್ ಮಾಂಸದ ಸಾರು ಸೇರಿಸಿ, ಪಾತ್ರೆಯ ಬಾಯಿಗೆ ಫಾಯಿಲ್ ಬಿಗಿದು, 140 ಡಿಗ್ರಿ ಒವೆನ್ನಿನಲ್ಲಿ ಫೋರ್ಕ್ ಸಲೀಸಾಗಿ ಇಳಿಯುವ ತನಕ ಬೇಯಿಸಿ. ಒಂದರಿಂದ ಎರಡು ಗಂಟೆ ಹಿಡಿದೀತು. ಇಟ್ಟು ಒಣಗಿದ್ದಕ್ಕೆ ಎರಡು ಮೂರು ಚಮಚ ಸಾರು ಸಾಕು: 120 ಡಿಗ್ರಿಯಲ್ಲಿ ಮುಚ್ಚಿಟ್ಟು 20ರಿಂದ 30 ನಿಮಿಷ, ಒಳಗೆ 74 ಡಿಗ್ರಿ ಬಂದ ಕೂಡಲೇ ತೆಗೆಯಿರಿ. ಮೈಕ್ರೋವೇವ್ ಒಂದೇ ಗತಿಯಾದರೆ ಅರ್ಧ ಪವರಿನಲ್ಲಿ, ಮುಚ್ಚಿ, ಅರ್ಧರ್ಧ ನಿಮಿಷಕ್ಕೆ ತಿರುವಿ ಹಾಕುತ್ತಾ. ಬಿಸಿ ಮಾಡಿದಾಗ ಹಳೇ ರಟ್ಟಿನಂಥ ವಾಸನೆ ಬಂದರೆ ಅದು ಬೆಂದ ಕೊಬ್ಬು ಗಾಳಿ ತಾಗಿ ಆಕ್ಸಿಡೀಕರಣಗೊಂಡದ್ದು. ಹೋಟೆಲಿನ ತಟ್ಟೆಯಲ್ಲೇ ಆ ವಾಸನೆ ಇದ್ದರೆ ನಿಮಗೆ ಕೊಟ್ಟದ್ದು ಬಹುಶಃ ನಿನ್ನೆಯ ಮಾಂಸ.

ಪುಡಿಯಾದದ್ದನ್ನು ಮತ್ತೆ ಹೋಳಾಗಿಸಲು ಆಗುವುದಿಲ್ಲ. ಸಣ್ಣಗೆ ಕೊಚ್ಚಿ, ಕೊಬ್ಬಿನ ಚೂರು ಮತ್ತು ಸಾಸ್ ಬೆರೆಸಿ ಬನ್ನಿನ ನಡುವೆ ಇಡಿ. ಉಪ್ಪು ಹೆಚ್ಚಾಗಿದ್ದರೆ ಉಪ್ಪು ಹಾಕದೆ ಬೇಯಿಸಿದ ಬೀನ್ಸ್ ಜೊತೆ ಬೆರೆಸಿ. ಹೊಗೆಯ ಕಹಿಗೆ ಇರುವುದು ಒಂದೇ ದಾರಿ: ಕಪ್ಪು ಹೊರಪದರವನ್ನು ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ ಕೆತ್ತಿ ಎಸೆಯಿರಿ. ಒಳಗಿನ ಮಾಂಸಕ್ಕೆ ಕಹಿ ಅಷ್ಟಾಗಿ ಇಳಿದಿರುವುದಿಲ್ಲ. ಕೆತ್ತಿದ್ದನ್ನು ಮಾತ್ರ ಸಾರಿಗೆ ಹಾಕಬೇಡಿ, ಇಡೀ ಪಾತ್ರೆ ಕಹಿಯಾಗುತ್ತದೆ.