ಮಲ್ಲಿಗೆಗೆ ಕತ್ತರಿಯೇ ಗೊಬ್ಬರ

ಕುಂಡದಲ್ಲಿದ್ದ ನನ್ನ ದುಂಡುಮಲ್ಲಿಗೆ ಮೂರು ವರ್ಷ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಎಲೆಗಳಿಗೆ ಕಡಿಮೆ ಇರಲಿಲ್ಲ, ಬಳ್ಳಿ ಕಿಟಕಿಯ ಸರಳು ಹಿಡಿದು ಆಳೆತ್ತರ ಹೋಗಿತ್ತು. ಹೂ ಮಾತ್ರ ಇಡೀ ಬೇಸಿಗೆಗೆ ಎಣಿಸಿ ಐದೋ ಆರೋ. ಹೊಟ್ಟೆಗೆ ಸಾಲದೇನೋ ಎಂದು ಯೂರಿಯಾ ಕೊಟ್ಟೆ. ಎಲೆ ಅಂಗೈಯಗಲ ಆಯಿತು, ಅಷ್ಟೇ. ಕೊನೆಗೆ ಮನೆಗೆ ಬಣ್ಣ ಹೊಡೆಯಲು ಬಂದವರು, ಅಡ್ಡ ಬರುತ್ತದೆಂದು ನನ್ನನ್ನು ಒಂದು ಮಾತೂ ಕೇಳದೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದರು. ಅವತ್ತು ಜಗಳವನ್ನೇ ಆಡಿದೆ. ಆರೇಳು ವಾರ ಕಳೆಯಿತು ನೋಡಿ, ಆ ಮೋಟುಗಳಿಂದ ಹೊರಟ ಚಿಗುರುಗಳ ತುದಿಯಲ್ಲೆಲ್ಲ ಮೂರು ಮೂರು ಮೊಗ್ಗು!

ಕಾರಣ ಸರಳ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಅದರ ಪಕ್ಕದ ಪುಟ್ಟ ಕವಲುಗಳಲ್ಲಿ. ಬಲಿತ ಕಡ್ಡಿ ಎಲೆಯನ್ನು ಸಾಕುತ್ತದೆಯೇ ಹೊರತು ಹೂ ಕೊಡುವುದಿಲ್ಲ. ಕತ್ತರಿಸದಿದ್ದರೆ ಹೊಸ ಚಿಗುರು ಕಡಿಮೆ, ಚಿಗುರು ಕಡಿಮೆಯಾದರೆ ಮೊಗ್ಗೂ ಕಡಿಮೆ. ಇಷ್ಟು ತಲೆಗೆ ಹೊಕ್ಕರೆ ಉಳಿದದ್ದೆಲ್ಲ ಬಿಸಿಲು, ನೀರು, ಮಣ್ಣಿನ ಲೆಕ್ಕ.

ಮೊದಲು ಗಿಡ ಯಾವುದು ನೋಡಿ

ಮಲ್ಲಿಗೆ ಎಂಬ ಹೆಸರು ಅಂಟಿಸಿಕೊಂಡ ಗಿಡಗಳೆಲ್ಲ ಮಲ್ಲಿಗೆಯಲ್ಲ. ಇಲ್ಲಿ ಹೇಳುತ್ತಿರುವುದು ಬಿಸಿ ನಾಡುಗಳ ಜಾಸ್ಮಿನಂ ಸಂಬಾಕ್, ಅಂದರೆ ದುಂಡುಮಲ್ಲಿಗೆಯ ಜಾತಿ. ಇದರ ಎಲೆಗಳು ಒಂದೇ ಗಿಣ್ಣಿನಲ್ಲಿ ಎದುರುಬದುರಾಗಿ ಕೂತಿರುತ್ತವೆ, ಕೆಲವು ತಳಿಗಳಲ್ಲಿ ಮೂರರ ಸುತ್ತು. ಎಲೆ ಮುರಿದಾಗ ಹಾಲು ಬಂದರೆ ಅದು ಸ್ಟಾರ್ ಜಾಸ್ಮಿನ್ ಇರಬಹುದು, ಬೇರೆಯೇ ಕುಟುಂಬದ್ದು. ಹಳದಿ ಹೂವಿನ ಕೆರೊಲಿನಾ ಜಾಸ್ಮಿನ್ ಅಂತೂ ವಿಷದ ಬಳ್ಳಿ, ಮಕ್ಕಳಿರುವ ಮನೆಯಲ್ಲಿ ಬೇಡ. ಹೆಸರಿನ ಗೊಂದಲ ನಮಗಷ್ಟೇ ಆದದ್ದಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡವನ್ನು ಪಾರಿಜಾತದ ಜೊತೆ ಒಂದೇ ಕುಲದಲ್ಲಿ ಕೂರಿಸಿದ್ದ. 1789ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ವಿಲಿಯಂ ಐಟನ್ ಅದನ್ನು ಮಲ್ಲಿಗೆಯ ಕುಲಕ್ಕೆ ತಂದ.

ತಳಿಗಳಲ್ಲಿ ಒಂಟಿ ಸುತ್ತಿನ ಮೇಡ್ ಆಫ್ ಓರ್ಲಿಯನ್ಸ್ ಹೊಸಬರಿಗೆ ಒಳ್ಳೆಯದು, ಬೇಗ ಹೂ ಬಿಡುತ್ತದೆ, ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಪುಟ್ಟ ಗುಲಾಬಿಯಂತೆ ಕಾಣುವ ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ ಚಂದವೇನೋ ಚಂದ, ಆದರೆ ನಿಧಾನದ ಗಿಡ. ಮೊದಲ ಗಿಡ ಅದೇ ಬೇಕೆಂದು ಹಟ ಹಿಡಿಯಬೇಡಿ.

ಜಾಗ, ಕುಂಡ, ಮಣ್ಣು

ದಿನಕ್ಕೆ ಆರು ಗಂಟೆ ನೇರ ಬಿಸಿಲು. ಇದರಲ್ಲಿ ಚೌಕಾಸಿ ಇಲ್ಲ. ‘ಬೆಳಕು ಚೆನ್ನಾಗಿದೆ’ ಎನ್ನುವುದು ಬೇರೆ, ಬಿಸಿಲು ಬೀಳುವುದು ಬೇರೆ. ನೆರಳಿನಲ್ಲಿ ಗಿಡ ಸಾಯುವುದಿಲ್ಲ, ಗಿಣ್ಣುಗಳ ನಡುವೆ ಉದ್ದುದ್ದ ಬಿಟ್ಟುಕೊಂಡು ಸೊರಗುತ್ತಾ ಬೆಳಕಿನ ಕಡೆ ತಲೆ ಚಾಚುತ್ತದೆ.

ಕುಂಡ ಹತ್ತರಿಂದ ಹನ್ನೆರಡು ಅಂಗುಲ ಅಗಲ ಇದ್ದರೆ ಸಾಕು. ಪುಟ್ಟ ಗಿಡವನ್ನು ದೊಡ್ಡ ಡ್ರಮ್ಮಿಗೆ ಹಾಕಿದರೆ, ಬೇರು ಮುಟ್ಟದ ಮಣ್ಣೆಲ್ಲ ಒದ್ದೆಯಾಗಿ ಉಳಿದು ಬೇರು ಕೊಳೆಯುತ್ತದೆ. ಬೇರು ಸ್ವಲ್ಪ ಇಕ್ಕಟ್ಟಿನಲ್ಲಿದ್ದರೇ ಮಲ್ಲಿಗೆ ಚೆನ್ನಾಗಿ ಹೂ ಬಿಡುತ್ತದೆ. ತಳದ ತೂತುಗಳನ್ನು ಕೊಳ್ಳುವಾಗಲೇ ನೋಡಿ. ಕೆಲವು ಪ್ಲಾಸ್ಟಿಕ್ ಕುಂಡಗಳಲ್ಲಿ ತೂತಿನ ಗುರುತು ಇರುತ್ತದೆ, ತೂತು ಇರುವುದಿಲ್ಲ.

ಮಣ್ಣಿಗೆ ನನ್ನ ಅಳತೆ: ತೋಟದ ಮಣ್ಣು ಎರಡು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಿ, ಬೆರಳಿನಿಂದ ತಿವಿದ ಕೂಡಲೇ ಪುಡಿಯಾದರೆ ಹದ ಸರಿ ಇದೆ. ಉಂಡೆ ಹಾಗೇ ನಿಂತರೆ ಇನ್ನಷ್ಟು ಮರಳು ಬೆರೆಸಿ. ಸ್ವಲ್ಪ ಹುಳಿ ಗುಣದ ಮಣ್ಣು ಇದಕ್ಕೆ ಇಷ್ಟ, ಸುಣ್ಣದ ಅಂಶ ಆಗುವುದಿಲ್ಲ.

ನರ್ಸರಿಯಿಂದ ತಂದ ಗಿಡದ ಕಪ್ಪು ಚೀಲವನ್ನು ಪೂರ್ತಿ ತೆಗೆದು ನೆಡಿ. ನಾನು ತಂದ ಒಂದು ಗಿಡ ಎರಡು ವರ್ಷ ಬೆಳೆಯಲೇ ಇಲ್ಲ. ಕಿತ್ತು ನೋಡಿದರೆ ಹೊರಗಿನ ಚೀಲದ ಒಳಗೆ ಇನ್ನೊಂದು ಪುಟ್ಟ ಚೀಲ, ಬೇರು ಅದರೊಳಗೇ ಗಿರಕಿ ಹೊಡೆದು ಹಗ್ಗದ ಸುರುಳಿಯಂತಾಗಿತ್ತು.

ನೀರು

ವೇಳಾಪಟ್ಟಿ ಹಾಕಿಕೊಂಡು ನೀರು ಹಾಕಬೇಡಿ. ಎರಡು ಅಂಗುಲ ಆಳಕ್ಕೆ ಬೆರಳು ಇಳಿಸಿ. ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತೇವ ಇದ್ದರೆ ಸುಮ್ಮನೆ ಬಿಡಿ. ಸುಡು ಬಿಸಿಲಿನಲ್ಲಿ ದಿನವೂ ಬೇಕಾದೀತು, ಚಳಿಯಲ್ಲಿ ವಾರಕ್ಕೊಮ್ಮೆ ಸಾಕಾದೀತು. ಮೊಗ್ಗು ಕಟ್ಟಿದ ಮೇಲೆ ಮಾತ್ರ ಒಣಗಲು ಬಿಡಲೇಬಾರದು. ಆಗ ಒಂದು ದಿನ ಮರೆತರೂ ಸಾಸಿವೆ ಗಾತ್ರದ ಮೊಗ್ಗುಗಳು ಹಳದಿಯಾಗಿ ಉದುರುತ್ತವೆ.

ಸವರುವುದು: ಯಾವಾಗ, ಎಷ್ಟು, ಎಲ್ಲಿ

ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇಲ್ಲಿಯೇ. ವರ್ಷಕ್ಕೊಮ್ಮೆ ದೊಡ್ಡ ಸವರಿಕೆ, ಅದು ಚಳಿ ಮುಗಿದು ಬಿಸಿಲು ಏರುವ ಮುಂಚೆ. ಅದಕ್ಕೆ ಎರಡು ವಾರ ಮೊದಲು ನೀರು ಕಡಿಮೆ ಮಾಡುತ್ತಾ ಬನ್ನಿ, ಪೂರ್ತಿ ನಿಲ್ಲಿಸಬೇಡಿ. ಗಿಡ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ, ಕೆಲವು ಎಲೆ ಹಳದಿಯಾಗಿ ಬೀಳುತ್ತವೆ. ಹೆದರಬೇಡಿ.

ಆಮೇಲೆ ಹರಿತವಾದ, ಸ್ಪಿರಿಟ್‌ನಿಂದ ಒರೆಸಿದ ಕತ್ತರಿ ಹಿಡಿಯಿರಿ. ಮೊದಲ ಸುತ್ತಿನಲ್ಲಿ ಒಣಗಿದ್ದು, ರೋಗ ಬಂದದ್ದು, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಒಣಗಿದ ಕಡ್ಡಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಉಗುರಿನಿಂದ ಕೆರೆಯಿರಿ, ಒಳಗೆ ಹಸಿರಿದ್ದರೆ ಜೀವ ಇದೆ. ಎರಡನೇ ಸುತ್ತಿನಲ್ಲಿ ಉಳಿದ ಪ್ರತಿ ಕಡ್ಡಿಯನ್ನೂ ಮೂರನೇ ಒಂದರಿಂದ ಅರ್ಧದಷ್ಟು ಮೊಟಕು ಮಾಡಿ. ಕತ್ತರಿ ಬೀಳಬೇಕಾದದ್ದು ಗಿಣ್ಣಿನಿಂದ ಕಾಲು ಅಂಗುಲ ಮೇಲೆ, ಸ್ವಲ್ಪ ಓರೆಯಾಗಿ. ಗಿಣ್ಣಿಗೆ ಒತ್ತಿ ಕತ್ತರಿಸಿದರೆ ಅಲ್ಲಿ ಚಿಗುರೊಡೆಯಬೇಕಾದ ಕಣ್ಣು ಒಣಗುತ್ತದೆ. ತುಂಬಾ ಮೇಲೆ ಕತ್ತರಿಸಿದರೆ ಉಳಿದ ಮೋಟು ಕಪ್ಪಾಗಿ ಕೊಳೆ ಕೆಳಗಿಳಿಯುತ್ತದೆ.

ಹತ್ತು ದಿನ ಗಿಡ ಬೋಳುಬೋಳಾಗಿ, ನೋಡಲು ಪಾಪ ಅನ್ನಿಸುತ್ತದೆ. ಆಮೇಲೆ ಒಂದು ಬೆಳಿಗ್ಗೆ ಹತ್ತಿರ ಹೋಗಿ ನೋಡಿ: ಕತ್ತರಿಸಿದ ಜಾಗದ ಕೆಳಗೆ, ಎಲೆತೊಟ್ಟು ಇದ್ದ ಗುರುತಿನ ಮೇಲೆ, ಅಕ್ಕಿಕಾಳಿನ ಮೊನೆಯಷ್ಟು ಹಸಿರು. ಎರಡೂ ಬದಿಯಲ್ಲಿ ಒಂದೊಂದು. ಒಂದು ಕಡ್ಡಿ ಎರಡಾಯಿತು. ಆ ಎರಡು ಚಿಗುರು ಮೂರು ನಾಲ್ಕು ಜೋಡಿ ಎಲೆ ಬಿಟ್ಟ ಮೇಲೆ ತುದಿಯಲ್ಲಿ ಮೊಗ್ಗಿನ ಗೊಂಚಲು ಕಾಣಿಸುತ್ತದೆ.

ದೊಡ್ಡ ಸವರಿಕೆ ವರ್ಷಕ್ಕೊಮ್ಮೆ ಆದರೆ, ಸಣ್ಣದು ಹೂವಿನ ಕಾಲ ಪೂರ್ತಿ. ಗೊಂಚಲಿನ ಹೂ ಮುಗಿದ ಕೂಡಲೇ ಅದರ ಕೆಳಗಿನ ಒಂದೆರಡು ಗಿಣ್ಣು ಸೇರಿಸಿ ಚಿವುಟಿ. ಅಲ್ಲಿಂದ ಮತ್ತೆ ಚಿಗುರು, ಮತ್ತೆ ಮೊಗ್ಗು. ಈ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಒಂದು ಸಲ ಹೂ ಬಿಟ್ಟು ಗಿಡ ಸುಮ್ಮನಾಯಿತು ಎಂದು ಕೊರಗುತ್ತಾರೆ.

ಗೊಬ್ಬರ

ಸವರಿದ ಮೇಲೆ ಮೇಲ್ಮಣ್ಣು ಒಂದು ಅಂಗುಲ ಕೆದಕಿ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೀರು ಹಾಕಿ. ಚಿಗುರು ಬೆರಳುದ್ದ ಆದಮೇಲೆ ಹದಿನೈದು ದಿನಕ್ಕೊಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರವನ್ನು, ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಕೊಡಿ. ಒಣ ಮಣ್ಣಿಗೆ ಬೇಡ, ಬೇರು ಸುಡುತ್ತದೆ. ಯೂರಿಯಾದ ಕಥೆ ಆಗಲೇ ಹೇಳಿದೆನಲ್ಲ: ಸಾರಜನಕ ಹೆಚ್ಚಾದರೆ ಎಲೆಗೆ ಹಬ್ಬ, ಹೂವಿಗೆ ಉಪವಾಸ.

ಎಲೆ ಹಳದಿಯಾದರೆ

ಯಾವ ಎಲೆ ಎಂದು ನೋಡಿ. ಬುಡದ ಹಳೆಯ ಎಲೆಗಳು ಒಟ್ಟಿಗೇ ಹಳದಿಯಾಗಿ, ಮಣ್ಣು ಸದಾ ಒದ್ದೆಯಿದ್ದರೆ ನೀರು ಹೆಚ್ಚಾಗಿದೆ. ಮಣ್ಣಿನ ತೇವ ಸರಿಯಿದ್ದೂ ಹಳೆಯ ಎಲೆಗಳೇ ಹಳದಿಯಾದರೆ ಸಾರಜನಕ ಸಾಲದು, ಎರೆಗೊಬ್ಬರ ಕೊಡಿ. ತುದಿಯ ಹೊಸ ಎಲೆಗಳು ಹಳದಿ, ನರಗಳು ಮಾತ್ರ ಹಸಿರು ಗೆರೆ ಎಳೆದಂತೆ ಇದ್ದರೆ ಕಬ್ಬಿಣದ ಕೊರತೆ. ಗಡಸು ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶದಿಂದಾಗಿ ಬೇರಿಗೆ ಸಿಗುವುದಿಲ್ಲ. ಕೀಲೇಟ್ ರೂಪದ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವಂಥ ಕಬ್ಬಿಣ ಸಿಂಪಡಿಸಿ, ಸಾಧ್ಯವಾದಾಗಲೆಲ್ಲ ಮಳೆನೀರು ಹಾಕಿ.

ಹುಳ, ನುಸಿ

ಮೊಗ್ಗು ಬಿಳಿಯಾಗುವ ಬದಲು ನೇರಳೆ ಬಣ್ಣಕ್ಕೆ ತಿರುಗಿ, ಬುಡ ಊದಿಕೊಂಡು ಉದುರಿದರೆ ಅದರೊಳಗೆ ಮೊಗ್ಗು ನೊಣದ ಮರಿ ಇದೆ. ಮೊಗ್ಗಿನಲ್ಲಿ ದುಂಡನೆ ತೂತು, ಎರಡು ಮೂರು ಮೊಗ್ಗು ನೂಲಿನಿಂದ ಹೆಣೆದಂತೆ ಅಂಟಿದ್ದರೆ ಅದು ಮೊಗ್ಗು ಕೊರೆಯುವ ಹಸಿರು ಹುಳ. ಎರಡಕ್ಕೂ ಮೊದಲ ಮದ್ದು ಒಂದೇ: ಕೆಟ್ಟ ಮೊಗ್ಗುಗಳನ್ನು, ಕೆಳಗೆ ಬಿದ್ದವನ್ನೂ ಸೇರಿಸಿ, ಆರಿಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಿರಿ. ಕುಂಡದಲ್ಲೇ ಬಿಟ್ಟರೆ ನೊಣದ ಮರಿ ಮಣ್ಣಿಗಿಳಿದು ಕೋಶವಾಗಿ, ನೊಣವಾಗಿ ಮೇಲೇಳುತ್ತದೆ.

ಎಲೆಯ ಮೇಲೆ ಧೂಳಿನಂತೆ ಚುಕ್ಕಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ನುಸಿ. ಒಣ ಸೆಕೆಯಲ್ಲಿ ಬರುತ್ತದೆ. ಎಲೆಯ ಅಡಿಭಾಗಕ್ಕೆ ಮೂರು ದಿನಕ್ಕೊಮ್ಮೆ ಜೋರಾಗಿ ನೀರು ಹೊಡೆದರೆ ಅರ್ಧ ಕೆಲಸ ಮುಗಿಯಿತು. ಹಿಟ್ಟು ತಿಗಣೆ, ಬಿಳಿ ನೊಣಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲೆಂದು ನಾಲ್ಕು ಹನಿ ಸೋಪಿನ ದ್ರವ ಹಾಕಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಅರಳಿದ ಹೂ ಮರುದಿನ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುವುದು ಮಾತ್ರ ರೋಗವಲ್ಲ, ಅದು ವಯಸ್ಸು.

ಚಳಿ ನಾಡಿನಲ್ಲಿದ್ದರೆ

ರಾತ್ರಿ ಉಷ್ಣತೆ 10 ಡಿಗ್ರಿಗೆ ಇಳಿಯುವ ಮುಂಚೆ ಒಳಗೆ ತನ್ನಿ. ಹಿಮ ತಾಗಿದರೆ ಎಳೆ ಕಡ್ಡಿ ಕಪ್ಪಾಗುತ್ತದೆ. ಒಳಗಿನ ಅತಿ ಬೆಳಕಿನ ಕಿಟಕಿ ಅದಕ್ಕೆ ಬಿಟ್ಟುಕೊಡಿ, ಹೀಟರಿನ ಗಾಳಿ ಬೇಡ. ಮತ್ತೆ ಹೊರಗಿಡುವಾಗ ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ.

ಸವರಿದ ಕಡ್ಡಿ ಎಸೆಯಬೇಡಿ

ದುಂಡುಮಲ್ಲಿಗೆ ಬೀಜ ಕಟ್ಟುವುದು ಅಪರೂಪ. ಹೊಸ ಗಿಡ ಬೇಕೆಂದರೆ ಕಡ್ಡಿಯೇ ಗತಿ. ತೀರ ಎಳಸೂ ಅಲ್ಲದ, ತೀರ ಬಲಿತದ್ದೂ ಅಲ್ಲದ, ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿ ಆರಿಸಿ. ಐದಾರು ಅಂಗುಲ ಉದ್ದ, ಮೂರು ಗಿಣ್ಣು ಇರಲಿ. ಕೆಳಗಿನ ಎಲೆ ತೆಗೆದು, ಮೇಲಿನ ಎರಡನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು ಬೆರೆಸಿದ ಲೋಟಕ್ಕೆ ಎರಡು ಗಿಣ್ಣು ಮುಳುಗುವಂತೆ ಚುಚ್ಚಿ. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ನಾಲ್ಕರಿಂದ ಆರು ವಾರದಲ್ಲಿ ಬೇರು. ಹಿಡಿದಿದೆಯೋ ಇಲ್ಲವೋ ಎಂದು ದಿನಾ ಎಳೆದು ನೋಡುವ ಚಟ ಇದ್ದರೆ ಬಿಡಿ, ಹೊಸ ಚಿಗುರು ಕಂಡ ಮೇಲೂ ಇನ್ನೊಂದೆರಡು ವಾರ ತಾಳಿ.

ಬಣ್ಣದವರು ಕತ್ತರಿಸಿ ಹಾಕಿದ ಕಡ್ಡಿಗಳಲ್ಲಿ ಆರನ್ನು ನಾನು ಹೀಗೆ ಊರಿದ್ದೆ, ಮೂರು ಹಿಡಿದವು. ಎಳೆ ಗಿಡ ಬೇರು ಬಿಟ್ಟ ತಿಂಗಳಿಗೇ ತುದಿಯಲ್ಲಿ ಒಂದು ಮೊಗ್ಗು ತೋರಿಸಿ ಆಸೆ ಹುಟ್ಟಿಸುತ್ತದೆ. ಚಿವುಟಿ ಹಾಕಬೇಕು, ಶಕ್ತಿಯೆಲ್ಲ ಬೇರಿಗೆ, ಕವಲಿಗೆ ಹೋಗಲಿ ಎಂದು. ಎರಡು ಗಿಡದ್ದು ಚಿವುಟಿದೆ, ಮೂರನೆಯದನ್ನು ಮನಸ್ಸು ಬಾರದೆ ಬಿಟ್ಟೆ. ಆ ಗಿಡ ಇವತ್ತಿಗೂ ಉಳಿದೆರಡಕ್ಕಿಂತ ಒಂದು ಗೇಣು ಗಿಡ್ಡ.