ಗೋಲ್ ಗುಂಬಜ್‌ನಲ್ಲಿ ಪಿಸುಮಾತು ಕೇಳ್ಸತ್ತೆ, ಡಿಸೆಂಬರ್‌ನಲ್ಲೂ ಕೇಳ್ಸತ್ತೆ

ಗೋಲ್ ಗುಂಬಜ್ ಮೇಲಿನ ಗ್ಯಾಲರಿಯಲ್ಲಿ ಈ ಕಡೆ ಪಿಸುಗುಟ್ಟಿದ್ರೆ ಆ ಕಡೆ ಕೇಳ್ಸತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ನಿಜವಾಗ್ಲೂ ಕೇಳಿಸ್ಕೊಂಡವ್ರು ಎಷ್ಟ್ ಜನ ಇದೀರಿ? ನಮ್ ಗ್ಯಾಂಗ್‌ನಲ್ಲಿ ಆರು ಜನಾನೂ ಹೈಸ್ಕೂಲ್ ಟೂರ್‌ನಲ್ಲಿ ಹೋಗಿದ್ದವ್ರೇ, ಎಲ್ರ ನೆನಪೂ ಒಂದೇ, ಹೋ ಅಂತ ಕಿರುಚಾಟ, ಶಿಳ್ಳೆ, ಮೇಷ್ಟ್ರ ಬೈಗುಳ. ಅದ್ಕೇ ನಾನು "ಚಳಿಗಾಲದ ವೀಕೆಂಡಲ್ಲೇ ಬಿಜಾಪುರ ಮಾಡೋಣ, ಪಿಸುಮಾತು ಕೇಳಿಸ್ತೀನಿ" ಅಂದಾಗ ಗ್ರೂಪಲ್ಲಿ ನಗೋ ಇಮೋಜಿ ಸಾಲಾಗ್ ಬಿತ್ತು. ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಸೀಸನ್ನು, ಸರ್ಕಾರಿ ಬಸ್ಸುಗಳು ಸಾಲುಗಟ್ಟಿ ನಿಂತಿರ್ತವೆ, ಅವ್ರು ನಕ್ಕಿದ್ದೂ ಸುಳ್ಳಲ್ಲ ಬಿಡಿ.

ಹಳೇ ಪ್ಲ್ಯಾನ್‌ಗಳ ಕಥೆ ಬೇರೆ ಇದೆ. ಒಂದ್ಸಲ ಟೆಂಪೋ ಟ್ರಾವೆಲರ್ ಮಾತಾಡಿ ಅಡ್ವಾನ್ಸ್ ಕೊಟ್ಟಿದ್ವಿ, ಹೊರಡೋ ಹಿಂದಿನ ದಿನ ಮೂರು ಜನ ಕೈ ಎತ್ತಿದ್ರು, ಅಡ್ವಾನ್ಸ್ ಐದ್ ಸಾವ್ರ ನೀರಲ್ಲಿ ಹೋಮ. ಇನ್ನೊಂದ್ಸಲ ಬೆಂಗಳೂರಿಂದ ಕಾರಲ್ಲೇ ಹೊರಟ್ವಿ, ಐನೂರು ಚಿಲ್ಲರೆ ಕಿಲೋಮೀಟರ್, ಟೀ ಬ್ರೇಕು ಊಟದ ಬ್ರೇಕು ಅಂತ ಹೊಸಪೇಟೆ ದಾಟೋದ್ರೊಳ್ಗೆ ಸಂಜೆ ಆಯ್ತು, ಡ್ರೈವ್ ಮಾಡಿದವ್ನು ಮರುದಿನ ಪೂರ್ತಿ ರೂಮಲ್ಲಿ ನಿದ್ದೆ. ಡೀಸೆಲ್ ಟೋಲ್ ಸೇರಿ ತಲೆಗೆ ಮೂರುವರೆ ಸಾವಿರದ ಹತ್ರ ಹೋಯ್ತು, ನೋಡಿದ್ದು ಮಾತ್ರ ಹೈವೇ ಡಾಬಾ.

ಈ ಸಲ ಎರಡೇ ರೂಲ್. ಐನೂರು ರೂಪಾಯಿ ಮೊದ್ಲೇ ಹಾಕ್ಬೇಕು, ಬರದಿದ್ರೆ ವಾಪಸ್ ಇಲ್ಲ, ದುಡ್ಡು ಹಾಕಿದವ್ನು ಮಾತ್ರ ಲೆಕ್ಕಕ್ಕೆ. ಎರಡನೇದು, ರೈಲು. ಶುಕ್ರವಾರ ಸಂಜೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಅಲ್ಲಿ, ಭಾನುವಾರ ಸಂಜೆ ಅದೇ ರೈಲಲ್ಲಿ ವಾಪಸ್, ಸೋಮವಾರ ಆಫೀಸು. ಟಿಕೆಟ್ 60 ದಿನ ಮುಂಚೆ ಓಪನ್ ಆಗತ್ತೆ, ಅವತ್ತೇ ತಗೊಂಡೆ, ಸ್ಲೀಪರ್ ಒಂದ್ ಕಡೆಗೆ ನಾನೂರರ ಆಸುಪಾಸು. ಸಂಕ್ರಾಂತಿ ಟೈಮಲ್ಲಿ ಮಾತ್ರ ಹೋಗ್ಬೇಡಿ, ಸಿದ್ಧೇಶ್ವರ ಜಾತ್ರೆ ಇರತ್ತೆ, ರೂಮು ಸಿಗೋದು ಕಷ್ಟ. ಜಾತ್ರೆ ಇಲ್ದಿದ್ರೂ ಒಂದು ಆ್ಯಪ್‌ನಲ್ಲಿ ಬುಕ್ ಮಾಡಿದ್ದ ರೂಮು ಹೋದ್ಮೇಲೆ "ಇಲ್ಲ" ಅಂದ್ರು, ರೀಫಂಡ್ ಇನ್ನೂ ಬಂದಿಲ್ಲ. ಕೊನೆಗೆ ಸ್ಟೇಷನ್ ಕಡೇನೇ ಮೂರು ರೂಮು ಸಿಕ್ತು, ಒಂದೊಂದು ಸಾವಿರದ ಇನ್ನೂರೋ ಏನೋ.

ಈಗ ಅಸಲಿ ವಿಷ್ಯ. ರೈಲಿಳಿದ ಕೂಡ್ಲೇ ಗುಂಬಜ್ ಕಣ್ಣಿಗೆ ಕಾಣತ್ತೆ, ಎಲ್ರೂ ಮೊದ್ಲು ಅಲ್ಲಿಗೇ ನುಗ್ತಾರೆ. ನಾವು ಬೆನ್ನು ತಿರುಗಿಸಿ ಊರಿನ ಪಶ್ಚಿಮಕ್ಕೆ ಹೊರಟ್ವಿ. ಆಟೋದವ್ರು ಕೇಳೇಬಿಟ್ರು, "ಎಲ್ಲಾರೂ ಮೊದ್ಲ ಗುಮ್ಮಟಕ್ಕ ಹೋಗ್ತಾರ್ರೀ, ನೀವ್ಯಾಕ ಆ ಕಡೆ ಹೊಂಟೀರಿ?" ಅವ್ರನ್ನೇ ದಿನಪೂರ್ತಿ ಮಾತಾಡ್ಕೊಂಡ್ವಿ, ಎರಡು ಆಟೋ ಸೇರಿ ಎರಡ್ ಸಾವ್ರದೊಳ್ಗೆ.

ಶನಿವಾರ ತಾಜ್ ಬಾವಡಿ ಅನ್ನೋ ಹಳೇ ಬಾವಿ, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ಅನ್ನೋ ತೋಪು, ಸಂಜೆಗೆ ಇಬ್ರಾಹಿಂ ರೋಜಾ ಸಮಾಧಿ. ಆ ತೋಪಿನ ಬಾಯಿ ನೋಡಿ, ಸಿಂಹ ಆನೆನ ಅಗೀತಿರೋ ಹಾಗೆ ಎರಕ ಹೊಯ್ದಿದಾರೆ, 1549ರಲ್ಲಿ ಅಹ್ಮದ್‌ನಗರದಲ್ಲಿ ಮಾಡಿದ್ದು, 55 ಟನ್ ತೂಕ. ಬಿಸಿಲಲ್ಲೂ ತಣ್ಣಗಿರತ್ತೆ ಅಂತಾರಲ್ಲ, ಮಧ್ಯಾಹ್ನ ಮುಟ್ಟಿ ನೋಡಿದ್ವಿ, ಮೇಲ್ಗಡೆ ಬೆಚ್ಚಗೇ ಇತ್ತು, ಕೆಳಹೊಟ್ಟೆ ತಣ್ಣಗಿತ್ತು, ಚಳಿಗಾಲದಲ್ಲಿ ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಏಪ್ರಿಲ್‌ನಲ್ಲಿ ಯಾರಾದ್ರೂ ಹೋದ್ರೆ ಮಾಡಿ. 1854ರಲ್ಲಿ ಇದನ್ನ ಹರಾಜಿಗೆ ಇಟ್ಟಾಗ ಕೂಗಿದ್ದು 150 ರೂಪಾಯಂತೆ, ಪುಣ್ಯಕ್ಕೆ ಮಾರ್ಲಿಲ್ಲ. ನಮ್ ಗುಂಪಿನ ಚಹಾ ಖರ್ಚೇ ಅದಕ್ಕಿಂತ ಜಾಸ್ತಿ ಆಗಿತ್ತು ಅಷ್ಟೊತ್ತಿಗೆ.

ರೋಜಾದಲ್ಲಿ ಮಾತ್ರ ಆತುರ ಬೇಡ. ಸಮಾಧಿಯ ಕಿಟಕಿಗೆ ಸರಳಿಲ್ಲ, ಕಲ್ಲಲ್ಲೇ ಅಕ್ಷರ ಕೊರೆದು ಜಾಲಿ ಮಾಡಿದಾರೆ, ಅಕ್ಷರದ ಸಂದಿಯಿಂದ್ಲೇ ಒಳಗೆ ಬೆಳಕು ಬರ್ಬೇಕು. ಎರಡನೇ ಇಬ್ರಾಹಿಂ ಆದಿಲ್‌ಶಾ ಮಲಗಿರೋದು ಇಲ್ಲಿ, ಸರಸ್ವತಿನ ನೆನೆದು ಕಿತಾಬ್-ಎ-ನೌರಸ್ ಅನ್ನೋ ಹಾಡಿನ ಪುಸ್ತಕ ಬರ್ದ ರಾಜ. ನನ್ನ ಕೇಳಿದ್ರೆ ಗುಂಬಜ್‌ಗಿಂತ ಇದೇ ಒಂದ್ ಕೈ ಮೇಲು, ಗ್ಯಾಂಗ್‌ನಲ್ಲಿ ಇದ್ರ ಬಗ್ಗೆ ಜಗಳ ಇನ್ನೂ ಮುಗ್ದಿಲ್ಲ.

ರಾತ್ರಿ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ತಲೆಗೆ ನೂರಿಪ್ಪತ್ತು. ಯಾವ ಖಾನಾವಳಿ ಅಂತ ಕೇಳ್ಬೇಡಿ, ಹೇಳಿದ್ರೆ ಮುಂದಿನ ಸಲ ನಮ್ಗೇ ಜಾಗ ಇರಲ್ಲ. ಒಂದೇ ಬೇಜಾರು, ಸೀತನಿ ಸಿಗ್ಲಿಲ್ಲ. ಎಳೇ ಜೋಳದ ತೆನೆ ಸುಟ್ಟು ಉಜ್ಜಿ ಕೊಡ್ತಾರಲ್ಲ ಅದು, ತೆನೆ ಇನ್ನೂ ಹಾಲುಗಾಳು, ಹದಿನೈದ್ ದಿನ ಬಿಟ್ ಬರ್ರಿ ಅಂದ್ರು.

ಭಾನುವಾರ ಐದಕ್ಕೇ ಎಬ್ಬಿಸ್ದೆ. ಬಿಜಾಪುರ ಅಂದ್ರೆ ಬಿಸಿಲು ಅಂತ ಸ್ವೆಟರ್ ತರದೇ ಬಂದಿದ್ದ ಇಬ್ರು ಲಾಡ್ಜ್ ಬೆಡ್‌ಶೀಟ್ ಹೊದ್ಕೊಂಡೇ ಹೊರಟ್ರು. ಟಿಕೆಟ್ ಹಿಂದಿನ ರಾತ್ರೀನೇ ಆನ್‌ಲೈನಲ್ಲಿ, ಇಪ್ಪತ್ತೋ ಇಪ್ಪತ್ತೈದೋ. ಗೇಟ್ ತೆಗೆಯೋಕ್ ಮುಂಚೆ ನಾವೇ ಮೊದಲು. ಮೂಲೆ ಮಿನಾರಿನ ಕಿರಿದು ಮೆಟ್ಟಿಲಲ್ಲಿ ಏಳು ಅಂತಸ್ತು, ಮಂಡಿ ಬಿದ್ದೋಯ್ತು, ಆದ್ರೂ ಯಾರೂ ಮಾತಾಡ್ಬಾರ್ದು ಅಂತ ಆರ್ಡರ್ ಮಾಡಿದ್ದೆ.

ಮೂರು ಮೂರು ಜನ ಎದುರು ಬದುರು, ಮಧ್ಯೆ ಮೂವತ್ತೆಂಟು ಮೀಟರ್ ಹತ್ರ. ಮೊದ್ಲು ಎದುರಿಗೆ ಮುಖ ಮಾಡಿ ಪಿಸುಗುಟ್ಟಿದ್ವಿ, ಏನೂ ಇಲ್ಲ, ಆ ಕಡೆಯಿಂದ ಕೈಸನ್ನೆಯಲ್ಲೇ ಗೇಲಿ ಶುರು. ಆಮೇಲೆ ಗೋಡೆ ಕಡೆ ತಿರುಗಿ, ಬಾಯಿ ಗೋಡೆಗೆ ಗೇಣಷ್ಟು ಹತ್ರ ಇಟ್ಟು, ಎಲ್ರಿಗಿಂತ ಜಾಸ್ತಿ ನಕ್ಕಿದ್ದವ್ನಿಗೆ "ಲೇ, ನನ್ ಎರಡ್ ಸಾವ್ರ ಯಾವಾಗ್ ಕೊಡ್ತೀಯಾ?" ಅಂದೆ. ಅವ್ನು ಗಾಬರಿಯಾಗಿ ಹಿಂದೆ ತಿರುಗಿ ನೋಡ್ದ, ನಾನೇ ಬಂದ್ ನಿಂತಿದೀನೇನೋ ಅಂತ! ಮರುಕ್ಷಣ ಗೋಡೆಯಿಂದ "ಒಂದನೇ ತಾರೀಖು ಮಗಾ" ಅಂತ ಉತ್ರ. ಪೇಪರ್ ಹರಿದ್ರೆ ಕೇಳ್ತು, ಜಾಕೆಟ್ ಜಿಪ್ ಎಳೆದ್ರೂ ಕೇಳ್ತು. ಚಪ್ಪಾಳೆ ಫೋನಲ್ಲಿ ರೆಕಾರ್ಡ್ ಮಾಡ್ದೆ, ಹತ್ತು ಪ್ರತಿಧ್ವನಿ ಅಂತಾರೆ, ನಂಗೆ ಏಳೋ ಎಂಟೋ ಎಣಿಸಕ್ಕಾಯ್ತು, ಆಮೇಲೆ ಬರೀ ಗುಂಯ್. ಯಾವ ಬಾಗಿಲ ಪಕ್ಕ ನಿಂತ್ರೆ ಸಕತ್ತಾಗ್ ಕೇಳ್ಸತ್ತೆ ಅನ್ನೋದು ನನ್ ಹತ್ರಾನೇ ಇರ್ಲಿ, ಸುತ್ತಿ ನೋಡಿ ಗೊತ್ತಾಗತ್ತೆ.

ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಹೆಚ್ಚಂದ್ರೆ ಅರ್ಧ ಗಂಟೆ. ಆಮೇಲೆ ಮೊದಲ್ನೇ ಸ್ಕೂಲ್ ಬ್ಯಾಚ್ ಮೆಟ್ಟಿಲಲ್ಲಿ ಬರೋ ಸದ್ದಾಯ್ತು, ಬಾಗಿಲಿಗೆ ಬಂದವ್ನೇ ಒಬ್ಬ ಹುಡ್ಗ ಶಿಳ್ಳೆ ಹೊಡ್ದ, ಆಟ ಮುಗೀತು. ಕೆಳಗಿಳಿದು ಮ್ಯೂಸಿಯಂ, ಜಾಮಿಯಾ ಮಸೀದಿ, ಬಾರಾ ಕಮಾನ್ ಆರಾಮಾಗ್ ಮಾಡಿದ್ವಿ.

ಒಟ್ಟು ಲೆಕ್ಕ ತಲೆಗೆ ಎರಡ್ ಸಾವಿರದ ಆರ್ನೂರೋ ಏಳ್ನೂರೋ, ಕಟಕ್ ರೊಟ್ಟಿ ಪಾರ್ಸೆಲ್ ಬಿಟ್ಟು. ಒಂದನೇ ತಾರೀಖು ಬಂದ್ ಹೋಯ್ತು, ಎರಡ್ ಸಾವ್ರದಲ್ಲಿ ಸಾವ್ರ ಬಂದಿದೆ.